ಬಸ್ಸಲ್ಲದ ಮೇಲೆ ಡ್ರೈವರ್ ಯಾಕೆ

ಬೇಡವಾದ ಸಾಮಾನನ್ನು ವಿಲೇವಾರಿ ಮಾಡುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಆ ಗುರುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೂ ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಸರ್ಕಾರಿ ಇಲಾಖೆಯೊಂದರ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ಸ್ಟೋರ್ ಕೀಪರ್ ಆಗಿದ್ದು ನಿವೃತ್ತನಾದವನು ನಾನು. ಕೈ ಮುರಿದ ಕುರ್ಚಿ, ತಳ ತೂತಾದ ಬಕೆಟ್ಟು, ರೆಕ್ಕೆಯಿಲ್ಲದ ಫ್ಯಾನು, ಏನೇ ಬರಲಿ, ಒಮ್ಮೆ ಕಣ್ಣಾಡಿಸಿ ‘ನಿರುಪಯುಕ್ತ’ ಎಂದು ಬರೆದು ಸಹಿ ಹಾಕುತ್ತಿದ್ದೆ. ನನ್ನ ಸಹಿ ಬಿದ್ದ ವಸ್ತು ಮತ್ತೆ ಇಲಾಖೆಯ ಮುಖ ನೋಡುತ್ತಿರಲಿಲ್ಲ. ಒಂದು ಸಲ ಮಾತ್ರ ಸಾಹೇಬರು ದಿನಾ ಕೂರುತ್ತಿದ್ದ ಕುರ್ಚಿಯೇ ಪಟ್ಟಿಗೆ ಸೇರಿ, ಅವರು ಒಂದು ವಾರ ಸ್ಟೂಲಿನ ಮೇಲೆ ಕೂತು ಫೈಲು ನೋಡಬೇಕಾಯಿತು. ಅದೊಂದನ್ನು ಬಿಟ್ಟರೆ ನನ್ನ ಸೇವೆ ನಿಷ್ಕಳಂಕ.

ಆ ನಂಬಿಕೆಯನ್ನು ಕೆಡಿಸಿದ್ದು ಒಂದು ಲ್ಯಾಪ್‌ಟಾಪ್. ಅದು ನನ್ನದಲ್ಲ, ನನ್ನ ಹೆಂಡತಿ ಸರೋಜಳದು. ಸರೋಜ ಪ್ರೈಮರಿ ಶಾಲೆಯ ಮೇಡಂ ಆಗಿದ್ದವಳು. ಪ್ರತಿದಿನ ಪ್ರಾರ್ಥನೆ ಹಾಡಿಸಿ ಹಾಡಿಸಿ ಅವಳ ದನಿ ಹದವಾಗಿತ್ತು. ನಿವೃತ್ತಳಾದ ಮೇಲೆ ಆ ದನಿಗೆ ಮನೆಯಲ್ಲಿ ಉಳಿದ ಕೆಲಸ ಒಂದೇ, ನನ್ನನ್ನು ಊಟಕ್ಕೆ ಕರೆಯುವುದು. ಹೀಗಿರುವಾಗ ಗುಬ್ಬಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ ಅವಳು ಎರಡು ವಚನ ಹಾಡಿದಳು. ಅಡುಗೆ ಮನೆಯಲ್ಲಿದ್ದವರೆಲ್ಲ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತರು. “ನಮಗೂ ಹೇಳಿಕೊಡಿ ಅಕ್ಕಾ” ಎಂದು ಹಿಂದೆ ಬಿದ್ದರು. ಗುಬ್ಬಿಯ ಆರು ಜನ, ಗೂಳೂರಿನ ಇಬ್ಬರು, ಕುಣಿಗಲ್ ಕಡೆಯ ಆರು ಜನ, ಒಟ್ಟು ಹದಿನಾಲ್ಕು ಮಂದಿ ಹೆಂಗಸರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡರು. ತುಮಕೂರಿಗೆ ಬಂದು ಹೋಗುವುದು ಯಾರಿಗೂ ಆಗುವುದಿಲ್ಲ, ಆದ್ದರಿಂದ ಕ್ಲಾಸು ಆನ್‌ಲೈನ್ ಎಂದು ತೀರ್ಮಾನವಾಯಿತು. ಸರೋಜ ತನ್ನ ಆಸೆಗೆಂದು ಕೊಂಡ ಮೊದಲ ವಸ್ತು ಆ ಲ್ಯಾಪ್‌ಟಾಪ್. ಮೊದಲ ಕ್ಲಾಸು ಗುರುವಾರ ಸಂಜೆ ನಾಲ್ಕು ಗಂಟೆಗೆ. ಮೂರು ದಿನದಿಂದ ಅವಳು ಬಿಸಿನೀರು ಬಿಟ್ಟು ಬೇರೆ ನೀರು ಕುಡಿದಿರಲಿಲ್ಲ.

ತೊಂದರೆ ಎಂದರೆ ಪರದೆಯ ಮೂಲೆಯ ಒಂದು ಡಬ್ಬಿ. ಹೊಸ ಲ್ಯಾಪ್‌ಟಾಪಿನ ಜೊತೆಗೆ ಯಾರೂ ಕೇಳದಿದ್ದ ಆಟಗಳು, ಅಂಗಡಿಗಳು, ಹವಾಮಾನ ಹೇಳುವವರು, ಎಲ್ಲ ಒಳಗೇ ಸೇರಿಕೊಂಡು ಬಂದಿದ್ದರು. ಅವರ ನಡುವೆ ಒಬ್ಬ ಕಾವಲುಗಾರನೂ ಇದ್ದ, ವೈರಸ್ ಹಿಡಿಯುವವನು. ಸರೋಜ ಕಣ್ಣು ಮುಚ್ಚಿ ಶ್ರುತಿ ಹಿಡಿದು ಮೇಲಿನ ಸ್ವರಕ್ಕೆ ಹತ್ತುವ ಹೊತ್ತಿಗೆ ಸರಿಯಾಗಿ ಅವನು ಮೂಲೆಯಿಂದ ಒಂದು ಕೆಂಪು ಡಬ್ಬಿಯಾಗಿ ಎದ್ದು ‘ಟಿಂಗ್’ ಎಂದು ಬಾರಿಸಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಅವಳ ಸ್ವರ ಅಲ್ಲೇ ಕೆಳಗೆ ಬೀಳುತ್ತಿತ್ತು.

“ರೀ, ಕ್ಲಾಸಿನ ಮಧ್ಯೆ ಇವ್ನು ಎದ್ರೆ ಏನ್ ಮಾಡೋದು?” ಎಂದಳು.

“ನಾನಿದೀನಲ್ಲ” ಎಂದೆ.

“ನೀವು ಬೇಡ. ವಸಂತ ಮಧ್ಯಾಹ್ನ ಬಿಡುವು ಮಾಡ್ಕೊಂಡು ಫೋನ್ ಮಾಡ್ತೀನಿ ಅಂದಿದಾಳೆ. ಅವಳು ಹೇಳಿದ ಹಾಗೆ ತೆಗ್ಯೋಣ.”

ವಸಂತ ಸರೋಜಳ ತಂಗಿ. ಕುಣಿಗಲ್ಲಿನಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾಳೆ. ಬುದ್ಧಿವಂತೆ, ಒಪ್ಪಿದೆ. ಆದರೆ ಮೂವತ್ತೊಂದು ವರ್ಷದ ಅನುಭವಸ್ಥ ಪಕ್ಕದಲ್ಲೇ ಕಾಫಿ ಕುಡಿಯುತ್ತ ಕೂತಿರುವಾಗ ಕುಣಿಗಲ್ಲಿನ ಫೋನಿಗೆ ಕಾಯುವುದೆಂದರೆ ಏನರ್ಥ? ಸರೋಜ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲು ಮನೆಗೆ ಹೋದಳು. ನಾನು ಕನ್ನಡಕ ಒರೆಸಿಕೊಂಡು, ಒಂದು ನೋಟ್ ಪುಸ್ತಕ ತೆಗೆದು, ಮೊದಲ ಪುಟದಲ್ಲಿ ‘ವಿಲೇವಾರಿ ಪಟ್ಟಿ’ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಅದೇ ಹೊತ್ತಿಗೆ ಎದುರು ಮನೆಯ ರುದ್ರಪ್ಪನವರು ಪೇಪರ್ ಕೇಳಿಕೊಂಡು ಬಂದರು. ರುದ್ರಪ್ಪನವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ತುಮಕೂರಿನ ಅಂಚಿನ ನಮ್ಮ ಮರಳೂರಿನ ಬೀದಿಯಲ್ಲಿ ಯಾವ ಕೆಲಸ ನಡೆದರೂ, ಗಾರೆಯಾಗಲಿ ಗ್ಯಾಸ್ ಒಲೆಯಾಗಲಿ, ಪಕ್ಕದಲ್ಲಿ ನಿಂತು ‘ರೈಟ್’ ಹೇಳುವುದು ಅವರಿಗೆ ರೂಢಿ. ಒಂದು ಕುರ್ಚಿ ಎಳೆದುಕೊಂಡು ಕೂತರು.

ಮೊದಮೊದಲು ಕೆಲಸ ಚೆನ್ನಾಗಿಯೇ ಸಾಗಿತು. ಸೆಟ್ಟಿಂಗ್ಸ್‌ಗೆ ಹೋದರೆ ಒಳಗಿರುವ ಎಲ್ಲರ ಹೆಸರೂ ಸಾಲುಗಟ್ಟಿ ನಿಂತಿತ್ತು. ಹೆಸರಿನ ಪಕ್ಕ ಒತ್ತಿದರೆ ‘ಅನ್‌ಇನ್‌ಸ್ಟಾಲ್’ ಎಂದು ಬರುತ್ತದೆ. ಅದನ್ನು ಒತ್ತಿದರೆ ಆಸಾಮಿ ಹೊರಗೆ. ಮಿಠಾಯಿ ಒಡೆಯುವ ಆಟ ಹೋಯಿತು. ಇಸ್ಪೀಟು ಹೋಯಿತು. ಯಾವುದೋ ದೇಶದ ಅಂಗಡಿ ಹೋಯಿತು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಕೊಟ್ಟು ಬರೆದುಕೊಂಡೆ.

ಕಾವಲುಗಾರ ಮಾತ್ರ ಸುಲಭಕ್ಕೆ ಹೊರಡಲಿಲ್ಲ. ತೆಗೆಯುತ್ತೇನೆ ಎಂದಾಗ ಪರದೆಯ ತುಂಬ ಬಂದು, ನಮ್ಮನ್ನು ಬಿಟ್ಟು ಹೋಗುತ್ತಿದ್ದೀರಾ, ನಿಮಗೆ ರಕ್ಷಣೆ ಯಾರು, ಎಂದು ಬೀಗರು ಮುನಿಸಿಕೊಂಡ ಹಾಗೆ ಕೇಳಿದ. ಕೆಳಗೆ ಬಾಳೆ ಎಲೆಯಷ್ಟು ಅಗಲದ ಒಂದು ಹಸಿರು ಬಟನ್. ಅದರ ಕೆಳಗೆ ಇರುವೆ ಸಾಲಿನಂಥ ಬೂದು ಅಕ್ಷರ.

“ದೊಡ್ಡದನ್ನೇ ಒತ್ತಿ ಸಾರ್, ಕಾಣೋ ಹಂಗೆ ಇಟ್ಟವ್ರೆ ಅಂದ್ರೆ ಅದೇ ಇರ್ಬೇಕು” ಎಂದರು ರುದ್ರಪ್ಪನವರು.

ಒತ್ತಿದೆ. ನಮ್ಮ ಜೊತೆ ಉಳಿದದ್ದಕ್ಕೆ ಧನ್ಯವಾದ ಎಂದು ಬಂತು. ಕಾವಲುಗಾರನನ್ನು ಕಳಿಸಲು ಹೋಗಿ ನಾನು ಅವನ ಸೇವಾವಧಿಯನ್ನು ವಿಸ್ತರಿಸಿದ್ದೆ. ಇರಲಿ, ಇವನನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಮುಂದೆ ಹೋದೆ. ಈಗ ಯೋಚಿಸಿದರೆ ಅಲ್ಲೇ ಎದ್ದುಬಿಡಬೇಕಿತ್ತು.

ಪಟ್ಟಿಯ ಕೆಳಭಾಗದಲ್ಲಿ ನನಗೆ ಅರ್ಥವಾಗದ ಹೆಸರುಗಳು ಶುರುವಾದವು. ಉಗ್ರಾಣದಲ್ಲಿ ನನ್ನದೊಂದು ಸರಳ ನಿಯಮವಿತ್ತು. ಯಾವುದರ ಉಪಯೋಗ ನನಗೆ ಗೊತ್ತಿಲ್ಲವೋ ಅದರ ಉಪಯೋಗ ಯಾರಿಗೂ ಇಲ್ಲ. ಆದರೂ ಒಂದು ಹೆಸರಿನ ಮುಂದೆ ಕೈ ತಡೆಯಿತು. ‘ಆಡಿಯೋ’ ಎಂದೇನೋ ಶುರುವಾಗಿ ‘ಡ್ರೈವರ್’ ಎಂದು ಮುಗಿದಿತ್ತು.

“ರುದ್ರಪ್ಪನವರೇ, ಇಲ್ಲೊಬ್ಬ ಡ್ರೈವರ್ ಇದಾನೆ.”

ರುದ್ರಪ್ಪನವರು ಪೇಪರ್ ಮಡಚಿಟ್ಟರು. ಇದು ಅವರ ಕ್ಷೇತ್ರ.

“ನೋಡಿ ಸಾರ್, ನನ್ ಸರ್ವಿಸೆಲ್ಲ ಡ್ರೈವರ್‌ಗಳ ಜೊತೇನೇ ಕಳ್ದೋಯ್ತು. ಡ್ರೈವರ್ ಇಲ್ದೆ ಬಸ್ಸು ಓಡಲ್ಲ, ಅದನ್ನ ನಾನು ಒಪ್ತೀನಿ. ಆದ್ರೆ ಇದು ಬಸ್ಸಾ?”

“ಅಲ್ಲ.”

“ಮೇಡಮ್ಮೋರು ಹಾಡೋದು ಎಲ್ಲಿ ಕೂತ್ಕೊಂಡು?”

“ಮನೇಲೇ, ಕುರ್ಚಿ ಮೇಲೆ.”

“ಮತ್ತೆ ಡ್ರೈವರ್ ಯಾಕೆ?”

ಈ ತರ್ಕದಲ್ಲಿ ತಪ್ಪು ಹುಡುಕುವುದು ನನ್ನಿಂದ ಸಾಧ್ಯವಾಗಲಿಲ್ಲ. ಡ್ರೈವರನ್ನು ಇಳಿಸಿದೆ. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಲೇ ಎಂದು ಲ್ಯಾಪ್‌ಟಾಪ್ ಕೇಳಿತು. ಆಮೇಲೆ ಎಂದೆ. ಹುಡುಕಿದರೆ ಅಂಥವರು ಇನ್ನೂ ಇಬ್ಬರು ಸಿಕ್ಕರು. ಒಬ್ಬನ ಹೆಸರಿನಲ್ಲಿ ‘ವೈರ್‌ಲೆಸ್’ ಎಂದಿತ್ತು. ವೈರೇ ಇಲ್ಲ ಎಂದ ಮೇಲೆ ಅವನಿಗೇನು ಕೆಲಸ ಎಂದು ಅವನನ್ನೂ ಇಳಿಸಿದೆ. ಇನ್ನೊಬ್ಬ ‘ಟಚ್‌ಪ್ಯಾಡ್’. ಅವನನ್ನೂ ಇಳಿಸಿದೆ. ಪಟ್ಟಿಯಲ್ಲಿ ಕ್ರಮಸಂಖ್ಯೆ ಇಪ್ಪತ್ತಮೂರು ತಲುಪಿತು. ಕೆಳಗೆ ಸಹಿ ಹಾಕಿ, ದಿನಾಂಕ ಬರೆದು, ಆರಿಸಿ ಹಚ್ಚಲು ಒಪ್ಪಿಗೆ ಕೊಟ್ಟೆ.

ಲ್ಯಾಪ್‌ಟಾಪ್ ಮತ್ತೆ ಹೊತ್ತಿಕೊಂಡಿತು. ನೋಡಲು ಬಹಳ ಸ್ವಚ್ಛವಾಗಿತ್ತು. ಕೀಲಿಗಳ ಕೆಳಗಿನ ಚೌಕದ ಮೇಲೆ ಬೆರಳಿಟ್ಟು ಎಳೆದೆ. ಪರದೆಯ ಮೇಲಿನ ಬಾಣ ಅಲ್ಲಾಡಲಿಲ್ಲ. ಬೆರಳನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಎಳೆದೆ. ರುದ್ರಪ್ಪನವರೂ ತಮ್ಮ ಬೆರಳಿಟ್ಟು ನೋಡಿದರು. ಬಾಣ ಹರಕೆಗೆ ನೆಟ್ಟ ತ್ರಿಶೂಲದ ಹಾಗೆ ನಿಂತೇ ಇತ್ತು. ಕೆಳಗೆ ಮೂಲೆಯಲ್ಲಿದ್ದ ಇಂಟರ್ನೆಟ್ಟಿನ ಗುರುತು ಮಾಯವಾಗಿತ್ತು. ಸ್ಪೀಕರಿನ ಗುರುತಿನ ಮೇಲೆ ಒಂದು ಕೆಂಪು ಗುಣಾಕಾರ ಬಿದ್ದಿತ್ತು. ಮಾತಿಲ್ಲ, ನಡೆಯಿಲ್ಲ, ಹೊರಗಿನವರ ಸಂಪರ್ಕವಿಲ್ಲ.

ಆಗ ಮೂಲೆಯಿಂದ ಆ ಕೆಂಪು ಡಬ್ಬಿ ಎದ್ದಿತು. ಈ ಸಲ ಟಿಂಗ್ ಎನ್ನಲಿಲ್ಲ, ಎನ್ನಲು ಅವನಿಗೂ ದನಿ ಉಳಿದಿರಲಿಲ್ಲ. ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಮೌನವಾಗಿ ತೋರಿಸಿದ. ಮೊದಲ ಸಲ ಅವನ ಮಾತು ನಿಜವಾಗಿತ್ತು.

ನಾನು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮರೆಯಲ್ಲಿ ನಿಂತು ವಸಂತಳಿಗೆ ಫೋನ್ ಮಾಡಿದೆ.

“ವಸಂತಾ, ಒಂದು ಸಣ್ಣ ಡೌಟು. ಡ್ರೈವರ್ ಅಂದ್ರೆ ಏನಮ್ಮ?”

ಆ ಕಡೆ ಗಿರಣಿಯ ಸದ್ದಿನ ಮಧ್ಯೆ ವಸಂತ ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು.

“ಭಾವ, ಎಷ್ಟು ತೆಗ್ದ್ರಿ?”

“ಎಲ್ಲ ಸೇರಿ ಇಪ್ಪತ್ಮೂರು.”

“ಅಕ್ಕಂಗೆ ಗೊತ್ತಾ?”

“ಸ್ನಾನ ಮಾಡ್ತಿದಾಳೆ.”

“ಇನ್ನೇನೂ ಮುಟ್ಬೇಡಿ. ಎತ್ಕೊಂಡು ಸೀದಾ ಇಲ್ಲಿಗೆ ಬನ್ನಿ. ಫೋನಲ್ಲಿ ಹೇಳಿದ್ರೆ ನೀವು ಇನ್ನೂ ನಾಲ್ಕು ತೆಗೀತೀರ.”

ಸರೋಜಳಿಗೆ ನಿಜ ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮೂರು ದಿನ ಬಿಸಿನೀರು ಕುಡಿದವಳಿಗೆ ಹೇಗೆ ಹೇಳುವುದು? ಅವಳು ನೋಡುವಷ್ಟರಲ್ಲಿ ಸರಿಮಾಡಿಸಿ ತಂದು ಇಟ್ಟುಬಿಡೋಣ ಎಂದುಕೊಂಡೆ. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ ತರಕಾರಿ ಚೀಲಕ್ಕೆ ಇಳಿಸಿದೆ. ಮೇಲೆ ಕಾಣದಿರಲೆಂದು ಅಡುಗೆ ಮನೆಯಲ್ಲಿದ್ದ ಒಂದು ಕಟ್ಟು ದಂಟಿನ ಸೊಪ್ಪು ಹಾಸಿದೆ. ಬಾಗಿಲು ದಾಟುವಷ್ಟರಲ್ಲಿ ಸರೋಜ ತಲೆಗೆ ಟವೆಲು ಸುತ್ತಿಕೊಂಡು ಬಂದಳು.

“ಎಲ್ಲಿಗ್ರೀ?”

“ಗೂಳೂರಿಗೆ. ದೇವಸ್ಥಾನಕ್ಕೆ. ನಿನ್ನ ಕ್ಲಾಸು ಚೆನ್ನಾಗಾಗ್ಲಿ ಅಂತ.”

“ದೇವಸ್ಥಾನಕ್ಕೆ ದಂಟಿನ ಸೊಪ್ಪು ಯಾಕೆ?”

ರುದ್ರಪ್ಪನವರು ಮುಂದೆ ಬಂದರು.

“ಅಲ್ಲೊಂದು ಹಸು ಐತೆ ಮೇಡಂ” ಎಂದರು.

ಸರೋಜಳ ಮುಖ ಅರಳಿತು. ತನಗಾಗಿ ಗಂಡ ದೇವರಲ್ಲಿಗೆ ಹೊರಟಿದ್ದಾನೆ ಎಂದು ನಂಬಿ, ಇನ್ನೊಂದು ಕಟ್ಟು ಸೊಪ್ಪು ತಂದು ಚೀಲಕ್ಕೆ ತಾನೇ ತುರುಕಿದಳು. ಆ ಕ್ಷಣ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ.

ಕುಣಿಗಲ್ ರಸ್ತೆಯಲ್ಲಿ ನಿಂತು ಬಸ್ಸು ಹಿಡಿದೆವು. ಕಂಡಕ್ಟರು ರುದ್ರಪ್ಪನವರ ಗುರುತಿನವನಾದ್ದರಿಂದ ಇಬ್ಬರಿಗೂ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತೆ. ಗೂಳೂರು ಬಂತು, ಹೋಯಿತು. ಇಳಿಯದೆ ಕೂತಿದ್ದಕ್ಕೆ ದೇವಸ್ಥಾನದ ದಿಕ್ಕಿಗೆ ಒಮ್ಮೆ ಕೈ ಮುಗಿದೆ.

ಸ್ವಲ್ಪ ದೂರ ಹೋದ ಮೇಲೆ ಮುಂದಿನ ಸೀಟಿನಲ್ಲಿದ್ದ ಹೆಂಗಸಿನ ಫೋನು ಸದ್ದು ಮಾಡಿತು. ಆಕೆ ತುಮಕೂರಿನಲ್ಲಿ ಸೀರೆ ವ್ಯಾಪಾರ ಮುಗಿಸಿಕೊಂಡು ಊರಿಗೆ ಹೊರಟವರು, ಕಾಲಬಳಿ ಎರಡು ಕವರು ಇದ್ದವು. ವಾಟ್ಸಾಪಿಗೆ ಬಂದ ದನಿ ಸಂದೇಶವನ್ನು ಜೋರಾಗಿ ಹಾಕಿ ಕೇಳಿದರು. ಬಸ್ಸಿನ ಗಲಾಟೆಯ ಮಧ್ಯೆ ಬಂದ ಆ ದನಿಯನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

“ಎಲ್ರಿಗೂ ನಮಸ್ಕಾರ, ನಾನು ಸರೋಜ. ಕ್ಲಾಸಿಗೆ ಇಟ್ಟಿದ್ದ ಲ್ಯಾಪ್‌ಟಾಪ್ ಕಾಣಿಸ್ತಿಲ್ಲ. ಬಾಗ್ಲು ತೆಗ್ದಿತ್ತು, ಯಾರೋ ಒಳಗೆ ಬಂದು ಎತ್ಕೊಂಡು ಹೋಗಿದಾರೆ ಅನ್ಸುತ್ತೆ. ಇವ್ರು ಬೇರೆ ಮನೇಲಿಲ್ಲ. ಇವತ್ತು ಕ್ಲಾಸು ಆಗೋದು ಡೌಟು. ಬೇಜಾರು ಮಾಡ್ಕೋಬೇಡಿ.”

ಕೊನೆಯ ಮಾತಿಗೆ ಅವಳ ದನಿ ನಡುಗಿತು. ಮುಂದಿನ ಸೀಟಿನವರು ಪಕ್ಕದವರಿಗೆ ವಿಷಯ ಹೇಳಿದರು. “ನಮ್ ಸರೋಜಕ್ಕ ಅಂತ, ತುಂಬಾ ಒಳ್ಳೇರು. ಯಾವನೋ ಹಾಳಾದೋನು ಹಾಡ್ಕೊಳೋರ ಲ್ಯಾಪ್‌ಟಾಪ್ ಕದ್ದವ್ನೆ. ಅವ್ನ ಕೈ ಸೇದೋಗ.”

ನನ್ನ ಎರಡೂ ಕೈ ಚೀಲದ ಮೇಲೆಯೇ ಇದ್ದವು. ಮೆಲ್ಲಗೆ ಕೆಳಗಿಳಿಸಿದೆ.

ಪಕ್ಕದಾಕೆ ಹೇಳಿದರು, “ಹೊರ್ಗಡೆಯೋರಲ್ಲ ಕಣಮ್ಮ. ಇಂಥದ್ದೆಲ್ಲ ಮನೆ ಗೊತ್ತಿರೋರೇ ಮಾಡೋದು.”

“ಖಂಡಿತ” ಎಂದರು ರುದ್ರಪ್ಪನವರು. ಅವರ ಕಾಲನ್ನು ತುಳಿದೆ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಸರೋಜ.

“ರೀ, ಬೇಗ ಬನ್ನಿ. ಲ್ಯಾಪ್‌ಟಾಪ್ ಕಳ್ತನ ಆಗಿದೆ. ಪೊಲೀಸ್ ಸ್ಟೇಷನ್‌ಗೆ ಹೊರಟಿದೀನಿ.”

“ಬೇಡ, ಹೋಗ್ಬೇಡ” ಎಂದು ಪಿಸುಗುಟ್ಟಿದೆ.

“ಏನು? ಕೇಳಿಸ್ತಿಲ್ಲ.”

“ಅದು ನನ್ನ ಹತ್ರ ಇದೆ.”

“ಕೇಳಿಸ್ತಿಲ್ಲ, ಜೋರಾಗಿ ಹೇಳಿ. ಕಳ್ಳನ್ನ ನೋಡಿದ್ರಾ?”

ಬಸ್ಸು ಒಂದು ಏರಿನಲ್ಲಿ ಗುರ್ರೆನ್ನುತ್ತಿತ್ತು. ನಾನು ಉಸಿರು ತುಂಬಿಕೊಂಡು, ಸರ್ಕಾರಿ ಹರಾಜಿನಲ್ಲಿ ಕೂಗುತ್ತಿದ್ದ ದನಿಯಲ್ಲಿ ಕೂಗಿದೆ.

“ಕದ್ದೋನು ನಾನೇ.”

ಸರಿಯಾಗಿ ಅದೇ ಗಳಿಗೆಗೆ ಡ್ರೈವರು ಬ್ರೇಕ್ ಹಾಕಿದ. ಬಸ್ಸು ನಿಶ್ಶಬ್ದವಾಯಿತು. ಮೂವತ್ತು ನಲವತ್ತು ತಲೆಗಳು ತಿರುಗಿದವು. ಮುಂದಿನ ಸೀಟಿನವರು ಎದ್ದು ನಿಂತು ನನ್ನ ಮುಖ ನೋಡಿದರು, ಚೀಲ ನೋಡಿದರು, ಸೊಪ್ಪನ್ನು ಎರಡು ಬೆರಳಲ್ಲಿ ಸರಿಸಿ ಟವೆಲು ನೋಡಿದರು. ಆಮೇಲೆ ನನ್ನ ಕೈಯಿಂದ ಫೋನು ತಗೊಂಡು ಪರದೆಯ ಮೇಲೆ ಸರೋಜಳ ಹೆಸರು ನೋಡಿದರು.

“ಸರೋಜಕ್ಕಾ, ನಾನು ಕುಣಿಗಲ್ ಜಯಮ್ಮ. ನೀವು ಸ್ಟೇಷನ್‌ಗೆ ಹೋಗ್ಬೇಡಿ. ಕಳ್ಳ ನನ್ನ ಹಿಂದ್ಗಡೆ ಸೀಟಲ್ಲೇ ಕುಂತವ್ನೆ. ಸೊಪ್ಪಿನ ಕೆಳಗೆ ಮಾಲೈತೆ. ಜೊತೆಗೆ ಇನ್ನೊಬ್ನೂ ಅವ್ನೆ.”

ರುದ್ರಪ್ಪನವರು ಕಿಟಕಿಯ ಹೊರಗೆ ನೋಡತೊಡಗಿದರು.

ಆ ಕಳ್ಳ ತನ್ನ ಗಂಡ ಎಂದು ಸರೋಜ ಜಯಮ್ಮನಿಗೆ ಹೇಳಿರಬೇಕು. ಜಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಶುರು ಮಾಡಿದರು. ಪಕ್ಕದಾಕೆಗೆ ಹೇಳಿದರು, ಅವರೂ ನಕ್ಕರು. ನಗು ಹಿಂದಿನ ಸೀಟಿನವರೆಗೂ ಹೋಗಿ ಅಲ್ಲಿಂದ ಕಂಡಕ್ಟರನನ್ನು ಹಿಡಿದುಕೊಂಡು ವಾಪಸು ಬಂತು. ಫೋನು ನನ್ನ ಕೈಗೆ ಬಂದಾಗ ನಡೆದದ್ದೆಲ್ಲವನ್ನೂ ಒಂದೇ ಉಸಿರಿಗೆ ಸರೋಜಳಿಗೆ ಒಪ್ಪಿಸಿದೆ. ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. ಒಂದು ದೊಡ್ಡ ಉಸಿರು ಬಿಟ್ಟಳು.

“ಕಳ್ತನ ಅಲ್ವಲ್ಲ, ಸದ್ಯ. ನೀವು ವಸಂತನ ಹತ್ರ ಹೋಗಿ. ಕ್ಲಾಸು ಹೆಂಗೋ ನಾನು ನೋಡ್ಕೋತೀನಿ” ಎಂದಳು. ಫೋನು ಇಡುವ ಮುನ್ನ, “ಹಸು ನಿಜವಾಗ್ಲೂ ಇದ್ಯಾ?” ಎಂದಳು.

“ಇಲ್ಲ” ಎಂದೆ.

ತರಬೇತಿ ಕೇಂದ್ರಕ್ಕೆ ಜಯಮ್ಮನೂ ನಮ್ಮ ಜೊತೆಗೇ ಬಂದರು. ಮಾಲು ಸರಿಯಾದ ಕೈ ಸೇರುವವರೆಗೂ ಬಿಡುವ ಹೆಂಗಸಲ್ಲ ಆಕೆ. ವಸಂತ ಲ್ಯಾಪ್‌ಟಾಪಿಗೆ ಒಂದು ವೈರಿನ ಮೌಸು ಚುಚ್ಚಿದಳು. ಬಾಣ ಓಡಾಡಿತು. ತನ್ನ ಮೊಬೈಲಿಗೂ ಲ್ಯಾಪ್‌ಟಾಪಿಗೂ ಒಂದು ಕೇಬಲ್ ಕಟ್ಟಿದಳು. ಇಂಟರ್ನೆಟ್ ಬಂತು. ನನ್ನ ನೋಟ್ ಪುಸ್ತಕ ತೆಗೆದುಕೊಂಡು ಪಟ್ಟಿಯ ಮೇಲೆ ಬೆರಳಾಡಿಸಿದಳು.

“ಏನೇನು ತೆಗ್ದಿದೀರ ಅಂತ ಬರ್ದಿಟ್ಟಿದೀರಲ್ಲ ಭಾವ, ಇದೊಂದು ಒಳ್ಳೆ ಕೆಲ್ಸ. ಎಷ್ಟೋ ಜನ ಇದನ್ನೂ ಮಾಡಲ್ಲ.”

ಬೆಳಗಿನಿಂದ ಸಿಕ್ಕ ಮೊದಲ ಹೊಗಳಿಕೆ. ನೆಟ್ಟಗೆ ಕೂತೆ.

“ಆಟ, ಅಂಗಡಿ, ಇವನ್ನೆಲ್ಲ ತೆಗ್ದಿದ್ದು ಸರಿ. ಆದ್ರೆ ಡ್ರೈವರ್ ಅಂದ್ರೆ ಒಳಗಿರೋ ಸ್ಪೀಕರ್‌ಗೆ, ವೈಫೈಗೆ ಕಂಪ್ಯೂಟರ್ ಹೇಳಿದ್ದನ್ನ ಮುಟ್ಟಿಸೋನು. ಅವನ್ನ ಕಳಿಸಿದ್ರೆ ಸಾಮಾನು ಇದ್ರೂ ಇಲ್ದಂಗೆ. ಗೊತ್ತಿಲ್ದಿರೋ ಹೆಸರು ಕಂಡ್ರೆ ಮೊದ್ಲು ಯಾರು ಮಾಡಿದ್ದು, ಯಾಕೆ ಇದೆ ಅಂತ ಹುಡುಕಿ ನೋಡ್ಬೇಕು. ಹಳೇ ಸ್ಥಿತಿಗೆ ವಾಪಸ್ ಬರೋಕೆ ಒಂದು ರಿಸ್ಟೋರ್ ಪಾಯಿಂಟ್ ಇಟ್ಕೋಬೇಕು. ಆಮೇಲೆ ಒಂದೊಂದೇ ತೆಗೀಬೇಕು. ಒಂದು ತೆಗ್ದ ತಕ್ಷಣ ಒಂದ್ಸಲ ಆರಿಸಿ ಹಚ್ಚಿ, ಎಲ್ಲ ನೆಟ್ಟಗಿದ್ಯಾ ನೋಡಿ ಮುಂದಕ್ಕೆ ಹೋಗ್ಬೇಕು. ಇಪ್ಪತ್ಮೂರು ಜನಕ್ಕೆ ಒಂದೇ ಸಲ ಸಹಿ ಹಾಕ್ಬಾರ್ದು.”

“ಮತ್ತೆ ಆ ಕಾವಲುಗಾರ?” ಎಂದು ಕೇಳಿದೆ.

“ಅವ್ನಿಗೆ ಚಿಕ್ಕ ಬೂದು ಅಕ್ಷರ ಒತ್ಬೇಕು ಭಾವ. ಅವ್ನು ಹೋದ್ಮೇಲೆ ಕಂಪ್ಯೂಟರ್‌ದೇ ಸ್ವಂತ ಕಾವಲು ಎದ್ದೇಳುತ್ತೆ. ಎದ್ದಿದ್ಯಾ ಅಂತ ಒಂದ್ಸಲ ನೋಡ್ಕೋಬೇಕು ಅಷ್ಟೇ.” ಬೂದು ಅಕ್ಷರ ಒತ್ತಿದಳು. ಅವನು ಹೋದ. ಡ್ರೈವರುಗಳು ಕಂಪನಿಯ ಜಾಲತಾಣದಿಂದ ಒಬ್ಬೊಬ್ಬರಾಗಿ ಬಂದು ತಮ್ಮ ಸೀಟಿನಲ್ಲಿ ಕೂತರು.

“ಡ್ರೈವರ್ ಇಲ್ದೆ ಏನೂ ನಡ್ಯಲ್ಲ ಅಂತ ನಾನು ಅವಾಗ್ಲೇ ಹೇಳ್ದೆ” ಎಂದರು ರುದ್ರಪ್ಪನವರು.

ಎಲ್ಲ ಮುಗಿದಾಗ ಗಂಟೆ ಮೂರು ಮುಕ್ಕಾಲು. ಮರಳೂರಿಗೆ ವಾಪಸು ಹೋಗುವ ಮಾತೇ ಇರಲಿಲ್ಲ. ಅವಳ ಮೊದಲ ಕ್ಲಾಸನ್ನು ಕೈಯಾರೆ ಕೆಡಿಸಿದೆ ಎಂದು ತಲೆ ತಗ್ಗಿಸಿ ಕೂತಿದ್ದೆ. ನಾಲ್ಕಕ್ಕೆ ಸರಿಯಾಗಿ ಜಯಮ್ಮನ ಫೋನಿನಲ್ಲಿ ಸರೋಜ ಕಾಣಿಸಿದಳು. ತಲೆ ಬಾಚಿ, ಹೂ ಮುಡಿದು, ತನ್ನ ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಕೊಂಡು ಕೂತಿದ್ದಳು. ಚಿತ್ರವೂ ಸ್ವಚ್ಛ, ದನಿಯೂ ಸ್ವಚ್ಛ. ಒಬ್ಬೊಬ್ಬರಾಗಿ ಹದಿನಾಲ್ಕು ಜನರೂ ಸೇರಿದರು. ಗುಬ್ಬಿಯ ಆರು ಜನ ಒಂದೇ ಮನೆಯಲ್ಲಿ ಟಿವಿಯ ಮುಂದೆ ಸಾಲಾಗಿ ಚಾಪೆ ಹಾಕಿಕೊಂಡಿದ್ದರು. ಬಸ್ಸಿನ ಸುದ್ದಿ ಅಷ್ಟು ಹೊತ್ತಿಗೆ ಗುಂಪಿನಲ್ಲಿ ಎಲ್ಲರಿಗೂ ತಲುಪಿದ್ದರಿಂದ ಕ್ಲಾಸು ಐದು ನಿಮಿಷದ ನಗುವಿನಿಂದ ಶುರುವಾಯಿತು. ಸರೋಜಳ ಮುಖದ ಗಾಬರಿಯೆಲ್ಲ ಆ ನಗುವಿನಲ್ಲೇ ಕರಗಿಹೋದದ್ದು ನನಗೆ ಕಾಣಿಸಿತು.

ಅವಳು ಮೊದಲ ಸಾಲು ಹಾಡಿದಳು. ವಸಂತ ಕೈ ಕಟ್ಟಿಕೊಂಡು ನಿಂತುಬಿಟ್ಟಳು. ನನಗೂ ಉತ್ಸಾಹ ಬಂತು. ರಿಪೇರಿಯಾದ ಲ್ಯಾಪ್‌ಟಾಪನ್ನು ತೆರೆದು, ಜಯಮ್ಮನ ಪಕ್ಕದಲ್ಲೇ ಕೂತು, ಸ್ಪೀಕರನ್ನು ಪೂರ್ತಿ ಏರಿಸಿ ನಾನೂ ಕ್ಲಾಸಿಗೆ ಸೇರಿಕೊಂಡೆ. ಮೆಚ್ಚುಗೆ ಸೂಚಿಸಬೇಕೆಂದು ಹೆಂಗಸರ ಜೊತೆ ನಾನೂ ದನಿಗೂಡಿಸಿದೆ. ಕೂಡಲೇ ಲ್ಯಾಪ್‌ಟಾಪೂ ಜಯಮ್ಮನ ಫೋನೂ ಒಂದನ್ನೊಂದು ಕೇಳಿಸಿಕೊಂಡು ‘ಕೊಂಯ್’ ಎಂದು ಊಳಿಡತೊಡಗಿದವು. ಗುಬ್ಬಿಯವರು ಕಿವಿ ಮುಚ್ಚಿಕೊಂಡರು.

“ಯಾರ್ದದು, ಮಧ್ಯದಲ್ಲಿ ಅರಚ್ತಿರೋದು?” ಎಂದು ಸರೋಜ ಹಾಡು ನಿಲ್ಲಿಸಿದಳು.

“ಭಾವಂದು ಅಕ್ಕಾ” ಎಂದಳು ವಸಂತ.

“ಒಂದ್ನಿಮಿಷ ತಡೀರಿ ಎಲ್ರೂ.” ಸರೋಜ ಕನ್ನಡಕ ಮೇಲೆ ಸರಿಸಿ, ಮೊಬೈಲಿನ ಹತ್ತಿರ ಬಗ್ಗಿ, ಒಂದೇ ಬೆರಳಿನಲ್ಲಿ ಏನನ್ನೋ ಒತ್ತಿದಳು.

ಊಳು ನಿಂತಿತು. ನನ್ನ ಪರದೆ ಬರಿದಾಯಿತು. ಸಭೆ ನಡೆಸುವವರು ನಿಮ್ಮನ್ನು ಹೊರಗೆ ತೆಗೆದಿದ್ದಾರೆ ಎಂದು ನಡುವೆ ಒಂದು ಸಾಲು ಬಂತು.

ನಾನು ಹೊರಗೆ ಹೋಗಿ ಗಿರಣಿಯ ಮೆಟ್ಟಿಲ ಮೇಲೆ ಕೂತೆ. ಮೇಲಿನ ಕಿಟಕಿಯಿಂದ ಹೆಂಗಸರ ದನಿ ತೇಲಿ ಬರುತ್ತಿತ್ತು. ನಾನಿಲ್ಲದೆ ಹೇಗಿದೆ ಎಂದು ಕಿವಿಗೊಟ್ಟು ಕೇಳಿದೆ. ಬಹಳ ಚೆನ್ನಾಗಿತ್ತು.